ಎದುರುಮನೆ ಅಕ್ಕನ ಹಲ್ಲು

ಹೋದ ವಾರ ಎದುರುಮನೆ ಅಕ್ಕನ ಮಗಳು ಹರಪನಹಳ್ಳಿಯ ಸ್ಟುಡಿಯೋದಿಂದ ಕಟ್ಟು ಹಾಕಿಸಿದ ಫೋಟೊ ತಂದಳು. ಅಕ್ಕ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಅಗಲ ಹಣೆ, ಮೂಗುಬೊಟ್ಟು, ಎಡಗಣ್ಣಿನ ಕೆಳಗಿನ ಮಚ್ಚೆ, ಎಲ್ಲ ಸರಿಯಿತ್ತು. ಹಲ್ಲು ಮಾತ್ರ ಅವಳದಾಗಿರಲಿಲ್ಲ. ಹೊಸ ಪಿಂಗಾಣಿ ಬಟ್ಟಲಿನಷ್ಟು ಬೆಳ್ಳಗಿದ್ದವು. ಫೋಟೊವನ್ನು ಮಂಚದ ಮೇಲಿಟ್ಟೆ.

"ಸ್ಟುಡಿಯೋದವ್ರು ತಾವ ಬೆಳ್ಳಗ ಮಾಡಿ ಕೊಟ್ಟಾರ ಚಿಗವ್ವ. ಅವ್ವ ಚಂದ ಕಾಣ್ತಾಳಲ್ಲ?"

ನಾನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ...

ಕಾನಹೊಸಹಳ್ಳಿಯ ಆಚೆಗಿರುವ ನಮ್ಮೂರಲ್ಲಿ ನಾವು ಚಿಕ್ಕವರಿದ್ದಾಗ ಕುಡಿಯಲು ಬೋರ್‌ವೆಲ್ ನೀರೇ. ಅದನ್ನು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಗೆರೆಗಳು ಮೂಡುತ್ತಿದ್ದವು. ನನಗೂ ಇವೆ. ನಾವು ಹುಡುಗಿಯರು ನಗು ಬಂದರೆ ಮೊದಲು ಸೆರಗೋ ಅಂಗೈಯೋ ಬಾಯಿಗೆ ಅಡ್ಡ ಹಿಡಿಯುತ್ತಿದ್ದೆವು. ಯಾರೂ ಕಲಿಸಿದ್ದಲ್ಲ, ಕೈ ತಾನಾಗಿ ಮೇಲೇಳುತ್ತಿತ್ತು.

ಅಕ್ಕನನ್ನು ನೋಡಲು ಗಂಡಿನವರು ಬರುತ್ತಾರೆಂದು ಗೊತ್ತಾದಾಗ ಅವಳ ಅವ್ವ ಇಟ್ಟಿಗೆ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ನುಣ್ಣನೆಯ ಪುಡಿ ಮಾಡಿಕೊಟ್ಟಳು. ಕಲೆ ಎಂದರೆ ಕೊಳೆ, ತಿಕ್ಕಿದರೆ ಹೋಗುತ್ತದೆ ಎಂದು ನಮ್ಮೂರೆಲ್ಲ ನಂಬಿತ್ತು. ಅಕ್ಕ ಬಚ್ಚಲ ಕಲ್ಲಿನ ಮೇಲೆ ಕುಳಿತು ದಿನವೂ ತಿಕ್ಕಿದಳು. ಒಸಡಿನಿಂದ ರಕ್ತ ಬಂತು, ಗೆರೆ ಹೋಗಲಿಲ್ಲ. ಕೊನೆಗೆ ತಣ್ಣೀರು ತಾಗಿದರೂ ದವಡೆ ಹಿಡಿದುಕೊಂಡು ಅಳುವಂತಾಯಿತು. ಕೂಡ್ಲಿಗಿಯ ಹಲ್ಲಿನ ಡಾಕ್ಟರ ಬಳಿಗೆ ನಾನೇ ಜೊತೆಗೆ ಹೋಗಿದ್ದೆ. ಅದು ಕೊಳೆಯಲ್ಲ, ನೀರಿನಲ್ಲಿರುವ ಫ್ಲೋರೈಡ್ ಎಂದು ಅವರು ಹೇಳಿದರು. ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಸೇರಿಕೊಂಡದ್ದು. ಇಟ್ಟಿಗೆ ಪುಡಿ ಸವೆಸುತ್ತಿರುವುದು ಕಲೆಯನ್ನಲ್ಲ, ಹಲ್ಲನ್ನು. ಮೆತ್ತನೆಯ ಬ್ರಷ್ ಬಳಸಿ, ಎಳೆಯ ಮಕ್ಕಳಿಗೆ ಆ ನೀರು ಕೊಡಬೇಡಿ ಎಂದರು.

ಅಕ್ಕ ಮನೆಗೆ ಬಂದವಳೇ ಪುಡಿಯ ಡಬ್ಬಿಯನ್ನು ತಿಪ್ಪೆಗೆ ಸುರಿದಳು.

ಗಂಡಿನವರು ಹಲವಾಗಲಿನಿಂದ ಬಂದರು. ಹೊಳೆ ನೀರು ಕುಡಿದ, ಬಿಳಿ ಹಲ್ಲಿನ ಜನ. "ಬಾಯಿ ಬಿಡಬ್ಯಾಡ, ಕೇಳಿದ್ದಕ್ಕ ತಲಿ ಆಡ್ಸು ಸಾಕು" ಎಂದು ಅವ್ವ ತಾಕೀತು ಮಾಡಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಗಂಡಿನ ತಾಯಿ ಅಕ್ಕನನ್ನೇ ನೋಡಿ, "ಹುಡುಗಿ ನಗಾದ ಇಲ್ಲಲ್ಲ, ಏನರ ಮುಚ್ಚಿಟ್ಟೀರೇನು?" ಎಂದಳು. ಅಕ್ಕನ ಕೈ ಮೇಲೆದ್ದಿತು... ಅರ್ಧಕ್ಕೆ ನಿಂತಿತು. ಕೆಳಗಿಳಿಯಿತು. ಆಮೇಲೆ ಅವಳು ತಲೆಯೆತ್ತಿ, ಎಲ್ಲ ಹಲ್ಲೂ ಕಾಣುವಂತೆ ನಕ್ಕಳು.

"ಚಲೋ ನೋಡ್ರಿ. ನಾ ಹೊಲಸ್ಯಾಕಿ ಅಲ್ರಿ. ಇದು ನಮ್ಮೂರ ನೀರಿನ ಬಣ್ಣ. ಈಗ ನೀವು ಕುಡದದ್ದೂ ಅದ ನೀರು."

ಆ ತಾಯಿ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಆ ಸಂಬಂಧ ಕೂಡಿಬರಲಿಲ್ಲ. ಅವ್ವ ಅತ್ತಳು, ಅಕ್ಕ ಅಳಲಿಲ್ಲ.

ಮುಂದೆ ಅವಳು ನಮ್ಮೂರಲ್ಲೇ ತನ್ನಂಥದೇ ಹಲ್ಲಿನವನನ್ನು ಮದುವೆಯಾದಳು. ಮಗಳು ಹುಟ್ಟಿದ ಮೇಲೆ ಅವಳಿಗೆಂದೇ ಮಳೆನೀರು ಹಿಡಿದಿಟ್ಟಳು. ಅದು ಮುಗಿದರೆ ದೂರದ ಸೇದುವ ಬಾವಿಯಿಂದ ಹೊತ್ತು ತಂದಳು. ನೆರೆಯವರು "ರಾಣಿ ಮಗಳು" ಎಂದು ಆಡಿಕೊಂಡರು. "ಹೌದಲೇ, ರಾಣಿನ" ಎನ್ನುತ್ತಿದ್ದಳು. ರಾತ್ರಿ ಉಂಡ ಮೇಲೆ ಓಣಿಯ ಮಕ್ಕಳನ್ನು ಹಿಡಿದು ನಿಲ್ಲಿಸಿ ಹಲ್ಲುಜ್ಜಿಸುತ್ತಿದ್ದಳು. ಬಾಯಿ ಮುಚ್ಚಿಕೊಂಡು ನಗುವ ಹುಡುಗಿಯರ ಕೈಯನ್ನು ಪಟ್ಟನೆ ತೆಗೆಯುತ್ತಿದ್ದಳು. ಆಗ ಅವಳ ಹಲ್ಲು ಇನ್ನಷ್ಟು ಸವೆದಿದ್ದವು, ನೋಯುತ್ತಿದ್ದವು. ಆದರೂ ಅವಳು ಬಾಯಿಗೆ ಕೈ ಅಡ್ಡ ಇಟ್ಟದ್ದನ್ನು ನಾನು ಮತ್ತೆ ನೋಡಲಿಲ್ಲ...

ಇದನ್ನೆಲ್ಲ ಮಗಳಿಗೆ ಹೇಳಿ, "ಚಂದ ಅದಾಳವ್ವ, ಆದ್ರ ನಿಮ್ಮವ್ವ ಅಲ್ಲ" ಎಂದೆ. ಅವಳು ಬಹಳ ಹೊತ್ತು ಫೋಟೊ ನೋಡಿದಳು. ಮರುದಿನ ಇಬ್ಬರೂ ಹರಪನಹಳ್ಳಿಯ ಬಸ್ಸು ಹತ್ತಿದೆವು.

"ಹಲ್ಲಿನ ಕಲಿ ಹಂಗ ಬಿಡಬೇಕೇನ್ರಿ? ಮಂದಿ ತಗೀರಿ ಅಂತಾರ" ಎಂದ ಸ್ಟುಡಿಯೋದವನು.

"ಬಿಡ್ರಿ" ಎಂದಳು ಮಗಳು. "ಒಂದ ಗೆರಿನೂ ಹೋಗಬಾರದು."

ಈಗ ಆ ಫೋಟೊ ಎದುರುಮನೆಯ ಪಡಸಾಲೆಯಲ್ಲಿದೆ. ನಿನ್ನೆ ಅದರ ಮುಂದೆ ನಿಂತಾಗ ಅವಳದೊಂದು ಹಳೆಯ ತಮಾಷೆ ನೆನಪಾಗಿ ನಗು ಬಂತು. ನನ್ನ ಕೈ ಬಾಯಿಯತ್ತ ಎದ್ದಿತು. ಪಟ್ಟನೆ ತೆಗೆಯುವವಳು ಇರಲಿಲ್ಲ. ನಾನೇ ಇಳಿಸಿದೆ.