ಕಿಟಕಿಯ ಕೆಳಗಿನ ಸ್ಕೂಟರ್ ಜಾಗ

ತೊಂಬತ್ತರ ದಶಕದ ಆರಂಭದಲ್ಲಿ ಬ್ಯಾಂಕು ನನ್ನನ್ನು ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಎತ್ತಿಹಾಕಿತು. ವಿಶಾಖಪಟ್ಟಣದ ಗಾಜುವಾಕದಲ್ಲಿ ನನ್ನ ಸೈಕಲ್ಲನ್ನು ಯಾವ ಗೋಡೆಗೆ ಒರಗಿಸಿದರೂ ಕೇಳುವವರಿರಲಿಲ್ಲ. ಇಲ್ಲಿಯ ಅಪಾರ್ಟ್‌ಮೆಂಟಿನಲ್ಲಿ ಆಗಷ್ಟೇ ಅಸೋಸಿಯೇಷನ್ ಹುಟ್ಟಿತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎಂಬಂತೆ, ಗಾಡಿ ಎಲ್ಲಿ ನಿಲ್ಲಬೇಕು, ಯಾವ ಕಡೆ ಮುಖ ಮಾಡಬೇಕು ಎಂಬುದಕ್ಕೆಲ್ಲ ಗೇಟಿನಲ್ಲಿ ಬೋರ್ಡು ಹಾಕಿದ್ದರು. ನನಗೆ ಆ ಬೋರ್ಡು ಕಂಡರೇ ಮೈ ಉರಿಯುತ್ತಿತ್ತು.

ಆಟೋನಗರ್‌ನ ಗ್ಯಾರೇಜೊಂದರಿಂದ ಹಳೆಯ ಸ್ಕೂಟರ್ ಕೊಂಡುತಂದಾಗ, ಅಸೋಸಿಯೇಷನ್ ಕಾರ್ಯದರ್ಶಿ ನೆಲಮಹಡಿಯ ಒಂದು ಕಿಟಕಿಯ ಕೆಳಗಿನ ಜಾಗ ಕೊಟ್ಟರು. ಇಷ್ಟು ಒಳ್ಳೆಯ ನೆರಳು ಯಾಕೆ ಖಾಲಿ ಬಿದ್ದಿದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೊದಲ ಸಂಜೆ ಎಂಜಿನ್ ಆರಿಸಿದೆ. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಕಿಟಕಿಯ ಸರಳುಗಳ ನಡುವಿನಿಂದ ಒಂದು ಮುದಿ ಕೈ ನೀರಿನ ಲೋಟ ಚಾಚಿತು. ವಿಜಯವಾಡದ ಬಿಸಿಲಿಗೆ ಬೇಡ ಎನ್ನುವವರುಂಟೇ? ತೆಲುಗರ ಮರ್ಯಾದೆಯೇ ಮರ್ಯಾದೆ ಎಂದುಕೊಂಡು ಗಟಗಟ ಕುಡಿದೆ. ಮರುದಿನವೂ ಲೋಟ ಬಂತು. ಆಮೇಲೆ ದಿನವೂ. ಕಿಟಕಿಯೊಳಗಿನ ಅಜ್ಜಿಗೆ ಕಣ್ಣು ಮಂಜಾಗಿತ್ತು. ನನ್ನ ಮುಖಕ್ಕಿಂತ ಸ್ವಲ್ಪ ಆಚೆ ನೋಡುತ್ತ, "ವಚ್ಚಾವಾ ನಾಯನಾ?" ಎನ್ನುತ್ತಿದ್ದರು. ಬಂದೆಯಾ ಮಗನೇ ಎಂದು. ಆ ಊರಲ್ಲಿ ಹಿರಿಯರು ಯಾರನ್ನಾದರೂ ಹಾಗೆ ಕರೆಯುತ್ತಾರೆ. ನಾನೂ "ವಚ್ಚಾನಮ್ಮಾ" ಎಂದು ಲೋಟ ಹಿಂದಿರುಗಿಸುತ್ತಿದ್ದೆ.

ಒಂದು ಭಾನುವಾರ ಕಾರ್ಯದರ್ಶಿ ನನ್ನನ್ನು ಕೆಳಗೆ ಕರೆಸಿದರು. ನಾಳೆಯಿಂದ ನನ್ನ ಸ್ಕೂಟರ್ ಕಾಂಪೌಂಡಿನೊಳಗೆ ಬರಕೂಡದಂತೆ. "ಎಲ್ಲರಿಗೂ ಒಂದು ರೂಲ್, ನನಗೊಂದು ರೂಲಾ?" ಎಂದು ಎಗರಾಡಿದೆ. ಅವರ ಹಿಂದೆ ಅಜ್ಜಿಯ ಸೊಸೆ ನಿಂತಿದ್ದಳು. ಶಾಲೆಯಲ್ಲಿ ಪಾಠ ಹೇಳುವ ಹೆಣ್ಣುಮಗಳು, ಮೆತ್ತಗಿನ ದನಿ.

"ಸೀಟಿನ ಕೆಳಗೆ ಹಸಿರು ಬಣ್ಣ ಇದೆಯೇ ನೋಡಿ," ಎಂದು ತೆಲುಗಿನಲ್ಲಿ ಹೇಳಿದಳು.

ನನ್ನ ಸ್ಕೂಟರ್ ಬಿಳಿಯದು. ಸೀಟು ಎತ್ತಿದೆ. ಮೂಲೆಯಲ್ಲಿ ಹಸಿರು ಇತ್ತು.

ಅದು ಅವಳ ಗಂಡನ ಸ್ಕೂಟರ್. ಆತ ಅದನ್ನು ನಿಲ್ಲಿಸುತ್ತಿದ್ದುದೂ ಆ ಕಿಟಕಿಯ ಕೆಳಗೇ. ಆತ ಹಿಂದಿನ ವರ್ಷ ಜ್ವರದಲ್ಲಿ ತೀರಿಕೊಂಡಿದ್ದ. ಗಾಡಿ ಕಣ್ಣೆದುರಿದ್ದರೆ ಅತ್ತೆ ಮರೆಯುವುದಿಲ್ಲವೆಂದು ಅವಳೇ ಅದನ್ನು ಆಟೋನಗರ್‌ಗೆ ಮಾರಿದ್ದಳು. "ಬಣ್ಣ ಬದಲಾಯಿಸಿದ್ದಾರೆ. ಸದ್ದು ಅದೇ. ಅತ್ತೆ ಈಗ ಊಟಕ್ಕೆ ಅವರ ತಟ್ಟೆಯನ್ನೂ ಹಾಕುತ್ತಾರೆ. ನನ್ನ ಕೈಯಲ್ಲಿ ಆಗುತ್ತಿಲ್ಲ," ಎಂದಳು. ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು.

ಮೂರನೇ ಮಹಡಿಯ ನಮ್ಮ ಮನೆಯಲ್ಲಿ ವಿಷಯ ಕೇಳಿ ಹೆಂಡತಿ ಮೊದಲು ಬಾಗಿಲು ಹಾಕಿದಳು. ಅವಳದು ಧಾರವಾಡದ ಮಾತು. "ಮಾರಿಬಿಡ್ರಿ ಅದನ್ನ. ಇಷ್ಟು ದಿನ ಸತ್ತವಗ ಇಟ್ಟ ನೀರು ಕುಡದೀರಿ ನೀವು. ಆ ಮುದುಕಿ ಕರದ್ರ ಇನ್ನ ಓ ಅನಬ್ಯಾಡ್ರಿ."

ಬೆಳಿಗ್ಗೆ ಸ್ಕೂಟರನ್ನು ಸದ್ದು ಮಾಡದೆ ಗೇಟಿನಾಚೆ ತಳ್ಳಿಕೊಂಡು ಹೋಗಿ, ಅದೇ ಗ್ಯಾರೇಜಿಗೆ ಬಂದಷ್ಟಕ್ಕೆ ಕೊಟ್ಟುಬಿಟ್ಟೆ. ಸಂಜೆ ಸಿಟಿ ಬಸ್ಸಿಳಿದು ನಡೆದೇ ಬಂದೆ. ಕಿಟಕಿ ಮುಚ್ಚಿತ್ತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಮೆಟ್ಟಿಲಿಗೆ ಕಾಲಿಟ್ಟೆ.

ನೆಲಮಹಡಿಯ ಬಾಗಿಲು ತೆರೆಯಿತು. ಅಜ್ಜಿ ಹೊಸ್ತಿಲಲ್ಲಿದ್ದರು. ಈ ಸಲ ಆಚೆಗಲ್ಲ, ನೇರವಾಗಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಬಂಡಿ ಏದಿ ನಾಯನಾ?"

ಗಾಡಿ ಎಲ್ಲಿ ಎಂದು. ಹೆಂಡತಿಯ ಮಾತು ನೆನಪಿತ್ತು. ಆದರೂ ಬಾಯಿ ತಾನಾಗಿಯೇ, "ರಿಪೇರಿಗೆ ಬಿಟ್ಟಿದ್ದೇನಮ್ಮಾ" ಎಂದು ತೆಲುಗಿನಲ್ಲಿ ಹೇಳಿಬಿಟ್ಟಿತು. ಸದ್ದಿಲ್ಲದೆ ಬಂದ ನನ್ನನ್ನು ಅವರು ಹೇಗೆ ಗುರುತಿಸಿದರು ಎಂದು ಯೋಚಿಸುವಷ್ಟರಲ್ಲಿ, ಕಾಲು ತೊಳೆದು ಬಾ, ಅನ್ನ ಆರುತ್ತದೆ ಎಂದು ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಒಳಗೆ ನೆಲದ ಮೇಲೆ ಮೂರು ತಟ್ಟೆಗಳಿದ್ದವು. ಅತ್ತೆಯನ್ನು ಹಿಡಿದು ಒಳಗೆ ಕರೆದೊಯ್ಯಲಿ ಎಂದು ನಾನು ಸೊಸೆಯ ಕಡೆ ನೋಡಿದೆ. ನನ್ನ ಗಾಡಿಯನ್ನು ಗೇಟಿನಾಚೆ ಹಾಕಿಸಿದವಳು ಅವಳೇ. ಅವಳ ಕಣ್ಣು ತುಂಬಿತ್ತು.

"ಒಂದೇ ಒಂದು ಸಲ ಬಂದುಹೋಗಿ," ಎಂದಳು.

ಮೇಲಿನಿಂದ ಹೆಂಡತಿ ನನ್ನನ್ನು ಕೂಗುತ್ತಿದ್ದಳು. ನಾನು ಚಪ್ಪಲಿ ಬಿಟ್ಟೆ.