ಏನು ಹಾಕಿದರೂ ತಿನ್ನುವ ಜಿಲೇಬಿ ಮೀನು

ತಂಗಡಗಿಯಲ್ಲಿ ಕೃಷ್ಣೆಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದೆವು. ಉಣ್ಣುವ ಮೊದಲು ಹೊಳೆಗೆ ಒಂದು ತುತ್ತು ಹಾಕಬೇಕಂತೆ. ಮಗಳ ಅತ್ತೆ ಹೋಳಿಗೆ, ರೊಟ್ಟಿ, ಕಡೆಗೆ ಶೇಂಗಾ ಚಟ್ನಿಯನ್ನೂ ನೀರಿಗೆ ಬಿಟ್ಟರು. ಜಿಲೇಬಿ ಮೀನುಗಳು ಮುತ್ತಿಕೊಂಡು ಎಲ್ಲವನ್ನೂ ತಿಂದವು.

“ಇವು ನಮ್ಮ ಹೊಳಿ ಮೀನಲ್ರಿ, ಹೊರಗಿಂದ ಬಂದಾವು. ಪಾಚಿ, ಹುಳ, ಬ್ಯಾರೆ ಮೀನಿನ ತತ್ತಿ, ಏನ್ ಸಿಕ್ರೂ ತಿಂತಾವು,” ಎಂದರು ಬೀಗಿತ್ತಿ.

ಪಕ್ಕದಲ್ಲಿ ನನ್ನ ಮಗಳು ರೊಟ್ಟಿಯ ಜೊತೆ ಹಸಿಮೆಣಸಿನಕಾಯಿ ಕಚ್ಚುತ್ತಿದ್ದಳು. ಮೈಸೂರಿನಲ್ಲಿ ಸಾರಿಗೂ ಮೊಸರು ಬೆರೆಸಿಕೊಳ್ಳುತ್ತಿದ್ದವಳು. ಮದುವೆಯಾಗಿ ಇನ್ನೂ ವರ್ಷವಾಗಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅವಳಿಗೆಂದೇ ಕರಿದು ತಂದ ಕೋಡುಬಳೆ ಮುಂದಿಟ್ಟೆ.

“ಹೊಟ್ಟಿ ತುಂಬೇತಮ್ಮ,” ಎಂದವಳು ಅತ್ತೆಯ ಬುತ್ತಿಯಿಂದ ಇನ್ನೊಂದು ರೊಟ್ಟಿ ಎತ್ತಿಕೊಂಡಳು.

ಕೋಡುಬಳೆಯನ್ನು ಪುಡಿಮಾಡಿ ಹೊಳೆಗೆ ಎಸೆದೆ. ಜಿಲೇಬಿ ಮೀನುಗಳು ಬೇಡವೆನ್ನಲಿಲ್ಲ.