ಹಿಂದಿನ ಚಕ್ರದ ಸುದ್ದಿ

ಶಿರಸಿಯಲ್ಲಿ ಯಲ್ಲಾಪುರ ರಸ್ತೆಯ ಬದಿಗೆ ಆ ಮೆಕ್ಯಾನಿಕ್‌ನ ಗ್ಯಾರೇಜಿತ್ತು. ಬೈಕು ಬಂದು ನಿಂತರೆ ಓಡಿಸಿಕೊಂಡು ಬಂದವರನ್ನು ಅವರು ಏನೂ ಕೇಳುತ್ತಿರಲಿಲ್ಲ. ಕೈಯ ಗ್ರೀಸು ಒರೆಸಿಕೊಳ್ಳುತ್ತ ಹಿಂದೆ ಕೂತವರ ಕಡೆ ತಿರುಗುತ್ತಿದ್ದರು. "ಹಿಂದಿನ ಚಕ್ರದ ಸುದ್ದಿ ಹಿಂದೆ ಕೂತೋರಿಗೇ ಗೊತ್ತು" ಎಂಬುದು ಅವರ ಮಾತು.

ನನ್ನ ಮದುವೆಯಾದ ವರ್ಷ ನಾವಿಬ್ಬರೂ ಘಟ್ಟ ಇಳಿದು ಕುಮಟೆಯ ನನ್ನ ತವರಿಗೆ ಹೊರಟಿದ್ದೆವು. ತಿರುವು ಬಂದಾಗಲೆಲ್ಲ ಸೀಟು ಓಲಾಡುತ್ತದೆ ಎಂದು ನಾವು ಹೊರಟ ಹುಲೇಕಲ್ಲಿನಿಂದಲೇ ನಾನು ಹೇಳುತ್ತ ಬಂದಿದ್ದೆ. "ನಿಂಗೆ ಹೆದ್ರಿಕೆ ಅಷ್ಟೇಯ" ಎಂದು ಗಂಡ ನಕ್ಕಿದ್ದರು. ಗ್ಯಾರೇಜಿನಲ್ಲಿ ನಿಲ್ಲಿಸಿದ್ದು ಗಾಳಿ ಹಾಕಿಸಲು ಮಾತ್ರ.

"ತಂಗೀ, ನಿಂಗೆ ಎಂತ ಅನ್ನಿಸ್ತದೆ?" ಎಂದರು ಮೆಕ್ಯಾನಿಕ್. ಹೇಳಿದೆ. ಅವರು ಸ್ಪ್ಯಾನರಿನಿಂದ ಹಿಂದಿನ ಚಕ್ರದ ಸ್ಪೋಕುಗಳನ್ನು ಒಂದೊಂದಾಗಿ ತಟ್ಟಿದರು. ಬಿಗಿಯಿದ್ದವು ಠಣ್ಣೆಂದವು, ಸಡಿಲವಾದವು ಒಡಕು ಮಡಕೆಯ ಹಾಗೆ ಸದ್ದು ಮಾಡಿದವು. ನನ್ನ ಗಂಡ ಮಾತ್ರ, "ಗಾಡಿ ಸರಿ ಇದೆ, ಹೊತ್ತಾಯ್ತು" ಎಂದರು. ಮೆಕ್ಯಾನಿಕ್ ವಾದಕ್ಕಿಳಿಯಲಿಲ್ಲ. ಕೀಲಿ ಇಸಿದುಕೊಂಡು, "ನೀವು ಹಿಂದೆ ಕೂತ್ಕೊಳಿ" ಎಂದು ಗಂಡನನ್ನು ಕೂರಿಸಿ, ರಸ್ತೆಯಲ್ಲಿ ಮೆಲ್ಲಗೆ ಒಂದು ಸುತ್ತು ಹಾಕಿಸಿಕೊಂಡು ಬಂದರು.

ಗಂಡ ಇಳಿದು ಸೀದಾ ನನ್ನೆದುರು ಬಂದು ನಿಂತರು. "ನೀ ಹೇಳಿದ್ದೇ ಹೌದು. ಓಲಾಡ್ತು."

ಮೆಕ್ಯಾನಿಕ್ ಆಗಲೇ ಕುಕ್ಕರಗಾಲಲ್ಲಿ ಕೂತು ಸ್ಪೋಕು ಬಿಗಿ ಮಾಡುತ್ತಿದ್ದರು, ತಲೆ ಎತ್ತಲೂ ಇಲ್ಲ.

ಆ ದಿನ ಘಟ್ಟವನ್ನು ಕ್ಷೇಮವಾಗಿ ಇಳಿದೆವು. ಅದಕ್ಕೂ ನಾನು ಆ ಮೆಕ್ಯಾನಿಕ್‌ಗೆ ಋಣಿ. "ನೀ ಹೇಳಿದ್ದೇ ಹೌದು" ಎಂಬ ಮಾತನ್ನು ಮದುವೆಯಾಗಿ ಬಂದ ಮೇಲೆ ನಾನು ಕೇಳಿದ್ದು ಅದೇ ಮೊದಲು.